ಚಿಕ್ಕಪ್ಪನ ಜೊತೆ ಟಾವೋಸ್‌ಗೆ: ಚಿತ್ರಕಾರರ ಊರಿನಲ್ಲಿ ಕೆಲವು ದಿನ

ಮೊದಲ ದಿನ: ಎತ್ತರದ ದಾರಿ

ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳನ್ನು, ಅಲ್ಲಿನ ಜನರನ್ನು ಆಯಿಲ್ ಪೇಂಟಿನಲ್ಲಿ ಹಿಡಿದವರ ಊರು ಅಂದರೆ ನ್ಯೂ ಮೆಕ್ಸಿಕೋದ ಟಾವೋಸ್. ನಾನೂ ಆಯಿಲ್‌ನಲ್ಲೇ ಚಿತ್ರ ಬರೆಯುವವಳು. ಡಲ್ಲಾಸ್‌ಗೆ ಬಂದಾಗಿನಿಂದ ಈ ಊರಿನ ಮೇಲೆ ಕಣ್ಣಿತ್ತು. ಈ ಸಲ ಶಿವಮೊಗ್ಗದಿಂದ ಚಿಕ್ಕಪ್ಪ ಬಂದಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ನನ್ನ ಕೈಗೆ ಮೊದಲು ಬ್ರಷ್ ಕೊಟ್ಟವರೂ ಅವರೇ. "ಗ್ರ್ಯಾಂಡ್ ಕ್ಯಾನಿಯನ್ ಬೇಕಾ, ಟಾವೋಸ್ ಬೇಕಾ ಚಿಕ್ಕಪ್ಪ?" ಅಂತ ಕೇಳಿದೆ. "ಚಿತ್ರ ಬರೆಯೋರು ಎಲ್ಲಿದ್ರೋ ಅಲ್ಲಿಗೇ ಹೋಗೋಣ" ಅಂದರು. ಸೆಪ್ಟೆಂಬರ್ ಮಧ್ಯದಲ್ಲಿ ಹೊರಟೆವು.

ಅಲ್ಬುಕರ್ಕಿಯಲ್ಲಿ ವಿಮಾನ ಇಳಿದು ಬಾಡಿಗೆ ಕಾರು ಹಿಡಿದೆವು. ನನ್ನ ಹಾಗೆ ಬಣ್ಣ ಹೊತ್ತು ಬರುವವರು ಇದ್ದರೆ ಹೇಳಿಬಿಡುತ್ತೇನೆ, ಆಯಿಲ್ ಪೇಂಟಿನ ಟ್ಯೂಬುಗಳನ್ನು ಚೆಕ್-ಇನ್ ಬ್ಯಾಗಿನಲ್ಲಿಟ್ಟರೆ ತೊಂದರೆ ಇಲ್ಲ, ಆದರೆ ಟರ್ಪೆಂಟೈನ್, ಥಿನ್ನರ್ ವಿಮಾನದಲ್ಲಿ ಬಿಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಕೊಳ್ಳಬೇಕು. ಸಾಂಟಾ ಫೆಯಲ್ಲಿ ಚಿತ್ರಕಾರರ ಸಾಮಾನಿನ ಅಂಗಡಿಗಳಿಗೆ ಬರವಿಲ್ಲ. ಒಂದು ಡಬ್ಬಿ ಥಿನ್ನರ್ ಕೊಂಡು, ಜೊತೆಗೆ ನೀರಿನ ಬಾಟಲಿಗಳನ್ನೂ ತುಂಬಿಕೊಂಡೆವು. ಸಾಂಟಾ ಫೆಯೇ ಏಳು ಸಾವಿರ ಅಡಿ ಎತ್ತರದಲ್ಲಿದೆ. ಗಾಳಿ ಒಣ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುತ್ತಿರಬೇಕು, ಇಲ್ಲದಿದ್ದರೆ ಸಂಜೆ ತಲೆ ಹಿಡಿಯುತ್ತದೆ.

ಸಾಂಟಾ ಫೆಯಿಂದ ಟಾವೋಸ್‌ಗೆ ಎರಡು ದಾರಿ. ರಿಯೋ ಗ್ರಾಂಡೆ ನದಿಯ ಪಕ್ಕದಲ್ಲೇ ಹೋಗುವುದು ಕೆಳಗಿನ ದಾರಿ. ಬೆಟ್ಟದ ಹಳ್ಳಿಗಳನ್ನು ಹಾದು ಹೋಗುವುದು ಎತ್ತರದ ದಾರಿ. ಹೊತ್ತು ಜಾಸ್ತಿ ಹಿಡಿದರೂ ನಾವು ಎತ್ತರದ ದಾರಿಯನ್ನೇ ಹಿಡಿದೆವು.

ಚಿಮಾಯೋದಲ್ಲಿ ಕಾರಿನ ಬಾಗಿಲು ತೆರೆದ ಕೂಡಲೇ ಮೆಣಸಿನಕಾಯಿ ಸುಡುವ ವಾಸನೆ ಬಂತು. ಈ ಕಾಲದಲ್ಲಿ ಹಸಿರು ಮೆಣಸಿನಕಾಯಿಯನ್ನು ಕಬ್ಬಿಣದ ಜಾಲರಿಯ ಡ್ರಮ್ಮಿನಲ್ಲಿ ಹಾಕಿ, ಕೆಳಗೆ ಗ್ಯಾಸಿನ ಬೆಂಕಿ ಹಚ್ಚಿ ತಿರುಗಿಸುತ್ತಾರೆ. ಸಿಪ್ಪೆ ಕರಿಕಾಗಿ ಸಿಡಿಯುತ್ತದೆ. ಅಂಗಡಿಗಳ ಮುಂದೆ ಕೆಂಪು ಮೆಣಸಿನಕಾಯಿಯ ಉದ್ದುದ್ದ ಸರಗಳು ತೂಗುತ್ತಿದ್ದವು. ಚಿಕ್ಕಪ್ಪ ಹತ್ತಿರ ಹೋಗಿ ಒಂದನ್ನು ಮುಟ್ಟಿ ನೋಡಿದರು. "ಬಣ್ಣ ನೋಡು, ಥೇಟ್ ನಮ್ಮ ಬ್ಯಾಡಗಿ ಕಾಯಿ ಹಾಗಿದೆ" ಅಂದರು.

ಚಿಮಾಯೋದ ಪುಟ್ಟ ಮಣ್ಣಿನ ಚರ್ಚು 1816ರದ್ದು. ಅದರೊಳಗೆ ಪಕ್ಕದ ಕೋಣೆಯಲ್ಲಿ ಒಂದು ಗುಂಡಿ ಇದೆ. ಅದರ ಮಣ್ಣಿಗೆ ಕಾಯಿಲೆ ವಾಸಿ ಮಾಡುವ ಶಕ್ತಿ ಇದೆ ಅಂತ ನಂಬಿ ಜನ ದೂರದಿಂದ ನಡೆದು ಬರುತ್ತಾರೆ. ಗೋಡೆಗೆ ಒರಗಿಸಿದ ಊರುಗೋಲುಗಳು, ಮಕ್ಕಳ ಫೋಟೋಗಳು. ಚಿಕ್ಕಪ್ಪ ಚಪ್ಪಲಿ ಬಿಚ್ಚಿಯೇ ಒಳಗೆ ಹೋದರು. ಅಲ್ಲಿ ಹಾಗೆ ಬಿಡಬೇಕೆಂದಿಲ್ಲ. ಬಾಗಿಲ ಬಳಿ ಇದ್ದ ಹೆಂಗಸು ಅದನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು.

ಟ್ರುಚಸ್ ಹಳ್ಳಿ ಹತ್ತಿರ ಹತ್ತಿರ ಎಂಟು ಸಾವಿರ ಅಡಿ ಎತ್ತರದಲ್ಲಿದೆ. ಹಿಂದೆ ಹದಿಮೂರು ಸಾವಿರ ಅಡಿ ದಾಟುವ ಶಿಖರಗಳು. ನಾವು ಅಲ್ಲಿಗೆ ಬರುವಷ್ಟರಲ್ಲಿ ಬೆಟ್ಟದ ಮೇಲಿಂದ ಕಪ್ಪು ಮೋಡ ಜಾರಿ ಬಂದು ಆಲಿಕಲ್ಲು ಶುರುವಾಯಿತು. ವೈಪರ್ ಸಾಕಾಗಲಿಲ್ಲ. ಒಂದು ಹಳೇ ಕಣಜದ ಸೂರಿನ ಕೆಳಗೆ ಕಾರು ನಿಲ್ಲಿಸಿ ಕೂತೆವು. ರಸ್ತೆ ಬೆಳ್ಳಗಾಯಿತು. ಇಷ್ಟೆಲ್ಲಾ ನಡೆಯುವಾಗ ಪಶ್ಚಿಮಕ್ಕೆ, ಕೆಳಗಿನ ಕಣಿವೆಯಲ್ಲಿ ಬಿಸಿಲು! ಅರ್ಧ ಆಕಾಶ ಶಾಯಿ ಬಣ್ಣ, ಅರ್ಧ ಹೊಂಬಣ್ಣ. ಚಿಕ್ಕಪ್ಪ ಪಾಕೆಟ್ ಪುಸ್ತಕ ತೆಗೆದು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯತೊಡಗಿದರು. ಮಳೆ ನಿಂತರೂ ಅವರು ಏಳಲಿಲ್ಲ.

ಲಾಸ್ ಟ್ರಂಪಸ್, ಪೆನ್ಯಾಸ್ಕೊ ದಾಟಿ ಕತ್ತಲಾಗುವ ಹೊತ್ತಿಗೆ ಟಾವೋಸ್ ಸೇರಿದೆವು.

ಎರಡನೇ ದಿನ: ಹಸಿರು ಬೆಟ್ಟದ ಮನೆ

ಬೆಳಿಗ್ಗೆ ತಿಂಡಿಗೆ ನೀಲಿ ಜೋಳದ ಪ್ಯಾನ್‌ಕೇಕ್. ನ್ಯೂ ಮೆಕ್ಸಿಕೋದಲ್ಲಿ ಎಲ್ಲಿ ಕೂತರೂ ಒಂದು ಪ್ರಶ್ನೆ ಬರುತ್ತದೆ: "ಕೆಂಪೋ, ಹಸಿರೋ?" ಯಾವ ಮೆಣಸಿನಕಾಯಿ ಸಾಸ್ ಬೇಕು ಅಂತ. ಎರಡೂ ಬೇಕಿದ್ದರೆ "ಕ್ರಿಸ್‌ಮಸ್" ಅಂದರೆ ಸಾಕು. ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಸಾಸಿನಲ್ಲಿ ಹಂದಿ ಮಾಂಸ, ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಹಾಕುವುದು ಇಲ್ಲಿ ಮಾಮೂಲಿ. ಕೇಳಿದರೆ ಬೇಸರಿಲ್ಲದೆ ಹೇಳುತ್ತಾರೆ. ಕುಂಬಳದ ಜಾತಿಯ ಎಳೇ ಕಾಯಿ, ಮುಸುಕಿನ ಜೋಳ, ಹಸಿ ಮೆಣಸು ಹಾಕಿ ಮಾಡುವ ಕಾಲಬಸೀತಾಸ್ ಎಂಬ ಪಲ್ಯ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ಮುಂದಿನ ದಿನಗಳಲ್ಲಿ ಅವರ ಊಟ ಬಹುಪಾಲು ಅದೇ.

ಆಮೇಲೆ ಲೆಡೂ ಬೀದಿ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಮಣ್ಣಿನ ಗೋಡೆ. ಅರ್ನೆಸ್ಟ್ ಬ್ಲೂಮನ್‌ಷೈನ್ ಅವರ ಮನೆ ಈಗ ಮ್ಯೂಸಿಯಂ. ಟಾವೋಸ್ ಚಿತ್ರಕಾರರ ಊರಾದ ಕತೆಯನ್ನು ಇಲ್ಲಿಂದ ಶುರು ಮಾಡುವುದು ವಾಡಿಕೆ. 1898ರಲ್ಲಿ ಬ್ಲೂಮನ್‌ಷೈನ್ ಮತ್ತು ಅವರ ಗೆಳೆಯ ಬರ್ಟ್ ಫಿಲಿಪ್ಸ್ ಡೆನ್ವರ್‌ನಲ್ಲಿ ಕುದುರೆ, ಬಂಡಿ ಕೊಂಡು ಚಿತ್ರ ಬರೆಯುತ್ತಾ ಮೆಕ್ಸಿಕೋಗೆ ಹೊರಟಿದ್ದರು. ಸೆಪ್ಟೆಂಬರ್ 3ರಂದು ಟಾವೋಸ್‌ನ ಉತ್ತರಕ್ಕೆ ಬೆಟ್ಟದ ದಾರಿಯಲ್ಲಿ ಬಂಡಿಯ ಗಾಲಿ ಮುರಿಯಿತು. ಗಾಲಿ ಹೊತ್ತು ಹೋಗುವವರು ಯಾರು ಅಂತ ಮೂರು ಡಾಲರಿನ ಚಿನ್ನದ ನಾಣ್ಯ ಚಿಮ್ಮಿ ನೋಡಿದರು. ಸೋತವರು ಬ್ಲೂಮನ್‌ಷೈನ್. ಗಾಲಿಯನ್ನು ಕುದುರೆಯ ಮೇಲೆ ಹೊತ್ತು ಸುಮಾರು ಇಪ್ಪತ್ತು ಮೈಲಿ ಬಂದು ಟಾವೋಸ್‌ನ ಕಮ್ಮಾರನ ಹತ್ತಿರ ರಿಪೇರಿ ಮಾಡಿಸಿದರು. ಆ ದಾರಿಯಲ್ಲಿ ಕಂಡ ಬೆಟ್ಟ, ಬೆಳಕು, ಜನ ಅವರನ್ನು ಮತ್ತೆ ಬಿಡಲಿಲ್ಲ. ಮೆಕ್ಸಿಕೋ ಪ್ರಯಾಣ ಅಲ್ಲಿಗೇ ಮುಗಿಯಿತು.

ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಗಾಲಿಯಲ್ಲ, ಫಿಲಿಪ್ಸ್. ಬ್ಲೂಮನ್‌ಷೈನ್ ವಾಪಸ್ ಹೋದರು, ಪ್ಯಾರಿಸ್, ನ್ಯೂಯಾರ್ಕ್ ಸುತ್ತಿದರು, ಬೇಸಿಗೆಗೆ ಬಂದು ಹೋಗುತ್ತಾ 1919ರಲ್ಲಿ ಈ ಮನೆ ಕೊಂಡು ನೆಲೆಸಿದರು. ಫಿಲಿಪ್ಸ್ ಬಂದವರು ಅಲ್ಲೇ ಉಳಿದರು. ಊರಿನ ಡಾಕ್ಟರ್ ಮಾರ್ಟಿನ್ ಅವರ ತಂಗಿ ರೋಸ್ ಅವರನ್ನು ಮದುವೆಯಾದರು. ಕೆಲವು ವರ್ಷ ಕಾಡಿನ ರೇಂಜರ್ ಕೆಲಸವನ್ನೂ ಮಾಡಿದರು. ಅದೇ ಡಾಕ್ಟರ ಮನೆಯಲ್ಲಿ 1915ರಲ್ಲಿ ಆರು ಜನ ಸೇರಿ ಟಾವೋಸ್ ಸೊಸೈಟಿ ಆಫ್ ಆರ್ಟಿಸ್ಟ್ಸ್ ಕಟ್ಟಿದ್ದು. ಚಿತ್ರಗಳನ್ನು ಊರೂರಿಗೆ ಕಳಿಸಿ ಪ್ರದರ್ಶನ ಮಾಡಿ ಮಾರುವುದು ಅದರ ಕೆಲಸ. 1927ರವರೆಗೆ ನಡೆಯಿತು. ಆ ಮನೆ ಈಗ ಹೋಟೆಲ್. ಮಧ್ಯಾಹ್ನ ಅಲ್ಲೇ ಊಟ ಮಾಡಿದೆವು.

ಬ್ಲೂಮನ್‌ಷೈನ್ ಮನೆಯಲ್ಲಿ ಅವರ ಹೆಂಡತಿ ಮೇರಿ ಗ್ರೀನ್ ಅವರ ಕೆಲಸಕ್ಕೂ ಜಾಗ ಇದೆ. ಮದುವೆಗೆ ಮೊದಲೇ ಪ್ಯಾರಿಸ್‌ನ ಹೆಸರಾಂತ ಚಿತ್ರ ಪ್ರದರ್ಶನ ಸಲೋನ್‌ನಲ್ಲಿ ಪದಕ ಗೆದ್ದಿದ್ದ ಚಿತ್ರಗಾರ್ತಿ. "ಗಂಡನಿಗಿಂತ ಮೊದಲು ಇವರ ಹೆಸರೇ ದೊಡ್ಡದಿತ್ತು ಅನ್ಸುತ್ತೆ" ಅಂದರು ಚಿಕ್ಕಪ್ಪ, ಮೇರಿಯವರ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು.

ಮಧ್ಯಾಹ್ನದ ಮೇಲೆ ಕೌಸ್-ಶಾರ್ಪ್ ಮನೆ. ಇದಕ್ಕೆ ಮೊದಲೇ ಹೇಳಿಟ್ಟು ಹೋಗಬೇಕು, ಸುಮ್ನೆ ಹೋಗಿ ಬಾಗಿಲು ಬಡಿದರೆ ಆಗುವುದಿಲ್ಲ. ಆದರೆ ಟಾವೋಸ್‌ನಲ್ಲಿ ಒಂದೇ ಒಂದು ಜಾಗ ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಇಬ್ಬರು ಚಿತ್ರಕಾರರು ಅಕ್ಕಪಕ್ಕ. ಜೋಸೆಫ್ ಹೆನ್ರಿ ಶಾರ್ಪ್ ಇವರೆಲ್ಲರಿಗಿಂತ ಮೊದಲು, 1893ರಲ್ಲೇ, ಟಾವೋಸ್ ಕಂಡವರು. ಪ್ಯಾರಿಸ್‌ನಲ್ಲಿ ಓದುತ್ತಿದ್ದ ಬ್ಲೂಮನ್‌ಷೈನ್, ಫಿಲಿಪ್ಸ್‌ಗೆ ಈ ಊರಿನ ಸುದ್ದಿ ಹೇಳಿದವರೂ ಅವರೇ. ಚಿಕ್ಕಂದಿನಲ್ಲೇ ಅವರಿಗೆ ಕಿವಿ ಕೇಳದಂತಾಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು, ಕಾಗದದಲ್ಲಿ ಬರೆದು ಉತ್ತರ ಕೊಡುತ್ತಿದ್ದರು. ಅವರ ಚಿತ್ರಗಳ ಮುಖಗಳು ಅಷ್ಟು ನಿಖರವಾಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ದಿನವೆಲ್ಲಾ ಮುಖ ಓದಿಯೇ ಬದುಕಿದ ಮನುಷ್ಯ ಅಲ್ವಾ.

ಇ. ಇರ್ವಿಂಗ್ ಕೌಸ್ ಈ ಮನೆ ಕೊಂಡದ್ದು 1909ರಲ್ಲಿ. ಅವರ ಸ್ಟುಡಿಯೋ ಅವರು ಬಿಟ್ಟು ಹೋದ ಹಾಗೇ ಇದೆ. ಚಿತ್ರ ನಿಲ್ಲಿಸುವ ಈಸೆಲ್, ಬ್ರಷ್ಷು, ಮಡಕೆಗಳು, ಮಣಿ ಕಸೂತಿಯ ಬಟ್ಟೆಗಳು. ಮೂಲೆಯಲ್ಲಿ ಬೆಂಕಿಗೂಡು. ಅದರ ಮುಂದೆ ಮಂಡಿ ಮಡಚಿ ಕೂತ ಮನುಷ್ಯ, ಮುಖದ ಮೇಲೆ ಬೆಂಕಿಯ ಬೆಳಕು: ಕೌಸ್ ಅಂದ ಕೂಡಲೇ ನೆನಪಾಗುವ ಚಿತ್ರ ಅದೇ. 1914ರಿಂದ ಸಾಂಟಾ ಫೆ ರೈಲ್ವೆ ಕಂಪನಿ ವರ್ಷ ವರ್ಷ ಅವರ ಚಿತ್ರ ಹಾಕಿ ಕ್ಯಾಲೆಂಡರ್ ಹಂಚುತ್ತಿತ್ತು. ದೇಶದ ಮೂಲೆ ಮೂಲೆಯ ಅಡುಗೆಮನೆ, ಆಫೀಸಿನ ಗೋಡೆಯಲ್ಲಿ ಕೌಸ್ ಇದ್ದರು. ಇದನ್ನು ಕೇಳಿ ಚಿಕ್ಕಪ್ಪ ತಿರುಗಿ ನನಗೆ ಕನ್ನಡದಲ್ಲಿ, "ನಮ್ಮ ಎಸ್.ಎಂ. ಪಂಡಿತರೂ ಹೀಗೇ ಕಣೆ ಮನೆಮನೆಗೆ ಬಂದಿದ್ದು. ಗ್ಯಾಲರಿಗೆ ಕಾಲಿಡದ ಜನಕ್ಕೆ ಒಳ್ಳೇ ಚಿತ್ರ ಅಂದ್ರೆ ಕ್ಯಾಲೆಂಡರೇ" ಅಂದರು. ಗುಲ್ಬರ್ಗದಲ್ಲಿ ಹುಟ್ಟಿದ ಪಂಡಿತರ ಕ್ಯಾಲೆಂಡರ್ ಚಿತ್ರಗಳನ್ನು ಚಿಕ್ಕಪ್ಪ ಹುಡುಗರಾಗಿದ್ದಾಗ ಚೌಕ ಹಾಕಿ ಕಾಪಿ ಮಾಡುತ್ತಿದ್ದರಂತೆ. ನಮಗೆ ಮನೆ ತೋರಿಸುತ್ತಿದ್ದವರು ಏನೆಂದು ಕೇಳಿದರು. ಹೇಳಿದೆ. ಪಂಡಿತರ ಹೆಸರನ್ನು ಅಕ್ಷರ ಕೇಳಿ ಬರೆದುಕೊಂಡರು.

ಬೆಂಕಿಯ ಮುಂದೆ ಕೂತವರು ಯಾರು? ಪೇಬ್ಲೋ ಎಂದು ಕರೆಯುವ, ಟಾವೋಸ್‌ನ ಮೂಲನಿವಾಸಿಗಳ ಊರಿನವರು. ಬೆನ್ ಲುಹಾನ್, ಜೆರ್ರಿ ಮಿರಬಾಲ್. ಲುಹಾನ್ ಚಿಕ್ಕ ವಯಸ್ಸಿನಿಂದಲೂ ಕೌಸ್‌ಗೆ ಮಾಡೆಲ್ ಆಗಿ ಕೂತವರು. ಪೇಬ್ಲೋದವರು ಕೌಸ್‌ಗೆ ಇಟ್ಟ ಹೆಸರು "ಹಸಿರು ಬೆಟ್ಟ". ಅವರ ಮೈಕಟ್ಟೂ ದೊಡ್ಡದು, ಹಾಕುತ್ತಿದ್ದ ಸ್ವೆಟರೂ ಹಸಿರು. ಪ್ರೀತಿ ಇಲ್ಲದೆ ಅಂಥ ಹೆಸರು ಬರುವುದಿಲ್ಲ.

ಆದರೂ ಆ ಚಿತ್ರಗಳ ಬಗ್ಗೆ ನನಗೊಂದು ತಕರಾರಿದೆ. ಬೆಂಕಿ, ಮಡಕೆ, ಬರೀ ಮೈ, ಮೌನ. ಎಲ್ಲವನ್ನೂ ಜೋಡಿಸಿ ಇಟ್ಟದ್ದು. ಲುಹಾನ್ ಮನೆಗೆ ಹೋದರೆ ಹೀಗೆ ಕೂರುತ್ತಿದ್ದರಾ? ಅದೇ ಊರಿನಲ್ಲಿದ್ದ ವಾಲ್ಟರ್ ಊಫರ್ ಈ ಪ್ರಶ್ನೆಯನ್ನು ಕುಂಚದಲ್ಲೇ ಕೇಳಿದರು. 1914ರಲ್ಲಿ ಬಂದವರು. ಅವರಿಗೆ ಬೆಂಬಲವಾಗಿದ್ದ ಶಿಕಾಗೋದ ಮೇಯರ್ ಕಾರ್ಟರ್ ಹ್ಯಾರಿಸನ್, ಜನ ಇವತ್ತು ಹೇಗಿದ್ದಾರೋ ಹಾಗೇ ಬರೆಯಿರಿ ಎಂಬ ಸಲಹೆ ಕೊಟ್ಟಿದ್ದರು. ಊಫರ್ ಸ್ಟುಡಿಯೋ ಬಿಟ್ಟು ಸುಡುವ ಬಿಸಿಲಿನಲ್ಲಿ ಈಸೆಲ್ ನಿಲ್ಲಿಸಿದರು. ಹೊಲದಲ್ಲಿ ಗೇಯುವವರು, ಅಂಗಡಿಯ ಷರ್ಟು ಹಾಕಿದವರು, ಹಳೇ ಕಾರಿನ ಪಕ್ಕ ನಿಂತವರು ಅವರ ಚಿತ್ರದಲ್ಲಿದ್ದಾರೆ. ಜಿಮ್ ಮಿರಬಾಲ್ ಅವರ ಮಾಡೆಲ್ಲೂ ಹೌದು, ಗೆಳೆಯನೂ ಹೌದು. ಕೌಸ್, ಊಫರ್ ಇಬ್ಬರಲ್ಲಿ ನನ್ನ ಓಟು ಊಫರ್‌ಗೆ.

ಚಿಕ್ಕಪ್ಪ ಒಪ್ಪಲಿಲ್ಲ. "ಕೌಸ್‌ನ ಆ ಬೆನ್ನಿನ ಮೇಲಿನ ಬೆಳಕು ನೋಡಿದ್ಯಾ? ಪ್ರೀತಿ ಇಲ್ದೆ ಹಾಗೆ ಬರೆಯಕ್ಕಾಗಲ್ಲ." ಕೋಣೆಗೆ ಬರುವ ತನಕ ಇದೇ ಚರ್ಚೆ.

ಮೂರನೇ ದಿನ: ಕೆಂಪು ವಿಲೋ ತೊರೆಯ ಊರು

ಟಾವೋಸ್ ಪೇಬ್ಲೋ ಪಟ್ಟಣದಿಂದ ಕಾರಿನಲ್ಲಿ ಐದು-ಹತ್ತು ನಿಮಿಷ. ಸಾವಿರ ವರ್ಷದ ಹತ್ತಿರದಿಂದ ಜನ ಬಿಡದೆ ವಾಸ ಮಾಡುತ್ತಿರುವ ಜಾಗ. 1992ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೆಂಪು ವಿಲೋ ತೊರೆಯ ಆ ಕಡೆ ಒಂದು, ಈ ಕಡೆ ಒಂದು, ಮೆಟ್ಟಿಲು ಮೆಟ್ಟಿಲಾಗಿ ಏರುವ ಮಣ್ಣಿನ ದೊಡ್ಡ ಕಟ್ಟಡಗಳು. ಹಿಂದೆ ಅವರ ಪವಿತ್ರ ಬೆಟ್ಟ. ಹಳೇ ಗೋಡೆಯೊಳಗೆ ಕರೆಂಟಿಲ್ಲ, ನಲ್ಲಿ ಇಲ್ಲ. ಕುಡಿಯುವ ನೀರು ತೊರೆಯದು. ಇಲ್ಲಿಗೆ ಹೊರಡುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿ. ಅವರ ಆಚರಣೆಗಳಿದ್ದಾಗ, ಚಳಿಗಾಲ ಮುಗಿಯುವ ಹೊತ್ತಿನಲ್ಲಿ ಕೆಲವು ವಾರ, ಹೊರಗಿನವರಿಗೆ ಬಾಗಿಲು ಮುಚ್ಚಿರುತ್ತದೆ. ಯಾರದೇ ಫೋಟೋ ತೆಗೆಯಬೇಕಾದರೂ ಕೇಳಿಯೇ ತೆಗೆಯಬೇಕು. ಚಿತ್ರ ಬರೆಯುವುದಕ್ಕೂ ಅನುಮತಿ ಬೇಕು. ಅದಕ್ಕೇ ನಾನು ಬಣ್ಣದ ಪೆಟ್ಟಿಗೆಯನ್ನು ಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಬರಿಗೈಯಲ್ಲಿ ನೋಡುವುದೂ ಒಂದು ಪಾಠ ಅಂತ ಚಿಕ್ಕಪ್ಪ ಶಾಲೆಯಲ್ಲಿ ಹೇಳುತ್ತಿದ್ದರು.

ಊರು ತೋರಿಸಿದವಳು ಪೇಬ್ಲೋದವಳೇ ಆದ ಕಾಲೇಜು ಹುಡುಗಿ. ನೀಲಿ ಸರೋವರದ ಕತೆ ಹೇಳುವಾಗ ಅವಳ ದನಿ ಬದಲಾಯಿತು. ತೊರೆ ಹುಟ್ಟುವುದು ಬೆಟ್ಟದ ಮೇಲಿನ ಆ ಸರೋವರದಲ್ಲಿ. ಅವರಿಗೆ ಅದು ಪರಮ ಪವಿತ್ರ. 1906ರಲ್ಲಿ ಸರ್ಕಾರ ಅದನ್ನು ಅರಣ್ಯಕ್ಕೆ ಸೇರಿಸಿಕೊಂಡಿತು. ದುಡ್ಡು ಕೊಡುತ್ತೇವೆ ಅಂದರೂ ಇವರು ಬೇಡ ಅಂದರು, ನಮ್ಮ ಜಾಗ ನಮಗೆ ಕೊಡಿ ಅಂದರು. ಅರವತ್ತನಾಲ್ಕು ವರ್ಷ ಹೋರಾಡಿದರು. 1970ರ ಡಿಸೆಂಬರ್ 15ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿ 48,000 ಎಕರೆ ವಾಪಸ್ ಕೊಟ್ಟರು. "ನಮ್ಮ ಅಜ್ಜ ಆ ದಿನದ ಬಗ್ಗೆ ಹೇಳುವಾಗ ಈಗಲೂ ಅಳುತ್ತಾರೆ" ಅಂದಳು ಹುಡುಗಿ.

ನನ್ನ ತಲೆಯಲ್ಲಿ ಹಿಂದಿನ ದಿನ ಕೇಳಿದ್ದು ಓಡುತ್ತಿತ್ತು. ಫಿಲಿಪ್ಸ್ ರೇಂಜರ್ ಆಗಿದ್ದದ್ದೂ ಅದೇ ಕಾಲ. ಈ ಬೆಟ್ಟಗಳನ್ನು ಮನಸಾರೆ ಪ್ರೀತಿಸಿದ ಚಿತ್ರಕಾರ, ಬೆಟ್ಟವನ್ನು ಅದರ ಜನರ ಕೈಯಿಂದ ಕಿತ್ತುಕೊಂಡ ಇಲಾಖೆಯಲ್ಲಿ ಸಂಬಳ ತೆಗೆದುಕೊಂಡವರೂ ಹೌದು. ಇನ್ನೊಂದು ಕಡೆ, 1922ರಲ್ಲಿ ಪೇಬ್ಲೋಗಳ ಜಮೀನು ಬೇರೆಯವರ ಪಾಲಾಗುವಂಥ ಬರ್ಸಮ್ ಮಸೂದೆ ಬಂದಾಗ ಟಾವೋಸ್, ಸಾಂಟಾ ಫೆಯ ಚಿತ್ರಕಾರರು, ಬರಹಗಾರರು ಪ್ರತಿಭಟನೆಗೆ ಸಹಿ ಹಾಕಿದರು. ಪೇಬ್ಲೋಗಳು ಒಟ್ಟಾಗಿ ನಿಂತು ಹೋರಾಡಿದವು. ಮಸೂದೆ ಬಿತ್ತು. ನೆಲದ ಚಿತ್ರ ಬರೆಯುವವರಿಗೆ ಆ ನೆಲ ಯಾರದು ಎಂಬ ಪ್ರಶ್ನೆಯೂ ತಮ್ಮದೇ ಆಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂಗಳಗಳಲ್ಲಿ ಜೇನುಗೂಡಿನ ಆಕಾರದ ಮಣ್ಣಿನ ಒಲೆಗಳಿವೆ. ಓರ್ನೋ ಅನ್ನುತ್ತಾರೆ. ಒಳಗೆ ಸೀಡರ್ ಸೌದೆ ಉರಿಸಿ, ಕೆಂಡ ಎಳೆದು ಹಾಕಿ, ಆ ಕಾವಿನಲ್ಲೇ ಬ್ರೆಡ್ ಬೇಯಿಸುತ್ತಾರೆ. ವಯಸ್ಸಾದ ಒಬ್ಬ ಅಮ್ಮ ತಮ್ಮ ಮನೆ ಬಾಗಿಲಲ್ಲೇ ಬ್ರೆಡ್ ಮಾರುತ್ತಿದ್ದರು. ಬಿಸಿ ಬ್ರೆಡ್ ಮುರಿದರೆ ಹೊಗೆಯ ವಾಸನೆ. ಚಿಕ್ಕಪ್ಪನನ್ನು ನೋಡಿ "ಯಾವ ಊರು?" ಅಂದರು. "ಇಂಡಿಯಾ" ಅಂದರು ಚಿಕ್ಕಪ್ಪ. ಆ ಅಮ್ಮ ಜೋರಾಗಿ ನಕ್ಕು, "ಹಾಗಾದ್ರೆ ಇಂಡಿಯನ್ನು ಅಂದ್ರೆ ನೀವೇ" ಅಂದರು. ಒಳಗೆ ಕರೆದು ಕೂರಿಸಿದರು. ಕೋಣೆ ತಂಪಾಗಿತ್ತು. ಗೋಡೆ ಎರಡು ಅಡಿಗೂ ದಪ್ಪ.

ಅವರ ಚಿತ್ರ ಬರೆಯಬಹುದಾ ಅಂತ ಕೇಳಿದೆ. ಬೇಡ ಅಂದರು, ಮುಖ ಗಂಟಿಕ್ಕದೆ. ಅವರ ಮನೆಯ ಹಿರಿಯರೊಬ್ಬರು ಯಾರೋ ಚಿತ್ರಕಾರನಿಗೆ ಬಿಸಿಲಲ್ಲಿ ತಾಸುಗಟ್ಟಲೆ ನಿಂತಿದ್ದರಂತೆ. ಆ ಚಿತ್ರ ಈಗ ಎಲ್ಲಿದೆಯೋ ಮನೆಯವರಿಗೆ ಗೊತ್ತಿಲ್ಲ. "ಅದರ ಕೆಳಗೆ ಅವರ ಹೆಸರೂ ಇಲ್ಲವಂತೆ. ಬ್ರೆಡ್ ಬರೆಯಿರಿ ಬೇಕಾದರೆ" ಅಂದರು. ಇನ್ನೆರಡು ಬ್ರೆಡ್ ಕೊಂಡೆವು. ಆ ರಾತ್ರಿ ಕೋಣೆಯಲ್ಲಿ ಮೇಜಿನ ದೀಪದ ಕೆಳಗೆ ನಾನು ನಿಜವಾಗಿಯೂ ಬ್ರೆಡ್ಡನ್ನೇ ಬರೆದೆ. ಮೇಲಿನ ಸುಟ್ಟ ಕಂದು, ಸೀಳಿನಲ್ಲಿ ಕೆನೆ ಬಣ್ಣ.

ನಾಲ್ಕನೇ ದಿನ: ಗಾಳಿ

ರಾಂಚೋಸ್ ದೆ ಟಾವೋಸ್‌ನ ಸಾನ್ ಫ್ರಾನ್ಸಿಸ್ಕೋ ಚರ್ಚಿನ ಹಿಂಭಾಗವನ್ನು ಬರೆಯಲು ಬಹಳ ದಿನದಿಂದ ಆಸೆ. ಮುಂಭಾಗ ಅಲ್ಲ, ಹಿಂಭಾಗವೇ. ಕಿಟಕಿ ಇಲ್ಲ, ಬಾಗಿಲಿಲ್ಲ, ಬರೀ ಮಣ್ಣಿನ ದಪ್ಪ ಆಸರೆ ಗೋಡೆಗಳು. ಚಿತ್ರಗಾರ್ತಿ ಜಾರ್ಜಿಯಾ ಓಕೀಫ್ 1929ರಲ್ಲಿ ಟಾವೋಸ್‌ಗೆ ಬಂದು ಈ ಹಿಂಭಾಗವನ್ನು ಆಯಿಲ್‌ನಲ್ಲಿ ಬರೆದರು. ಆಮೇಲೆ ಇದನ್ನು ಬರೆಯದ ಚಿತ್ರಕಾರರೇ ಕಡಿಮೆ.

ಬೆಳಿಗ್ಗೆ ಎಂಟಕ್ಕೇ ಹೋಗಿ ಈಸೆಲ್ ನಿಲ್ಲಿಸಿದೆ. ಬಿಸಿಲಿನ ಕಡೆ ಗೋಡೆ ಸುಲಭ. ಯೆಲ್ಲೋ ಓಕರ್, ಬಿಳಿ, ಚೂರು ಕೆಂಪು. ಕಷ್ಟ ಇರುವುದು ನೆರಳಿನಲ್ಲಿ. ಮೊದಲು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿ ಹಚ್ಚಿದೆ. ಗೋಡೆ ಸತ್ತ ಹಾಗೆ ಕಂಡಿತು. ಚಿಕ್ಕಪ್ಪ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. "ಕೆಳಗೆ ನೋಡು, ನೆಲ ಬೆಳಕನ್ನ ವಾಪಸ್ ಎಸೀತಿದೆ" ಅಂದರು. ಹೌದು, ನೆರಳಿನ ಮೇಲ್ಭಾಗಕ್ಕೆ ಆಕಾಶದ ನೀಲಿ ತಾಗಿತ್ತು, ಬುಡಕ್ಕೆ ಬಿಸಿಲು ಕಾದ ಮಣ್ಣಿನಿಂದ ಪುಟಿದ ಕಿತ್ತಳೆ. ಒಂದೇ ನೆರಳಿನಲ್ಲಿ ಮೇಲೆ ತಂಪು, ಕೆಳಗೆ ಬಿಸಿ. ಎರಡನ್ನೂ ಬೇರೆ ಬೇರೆ ಬೆರೆಸಿ ಪಕ್ಕಪಕ್ಕ ಇಟ್ಟು ಅಂಚನ್ನು ಬೆರಳಿನಿಂದ ಒರೆಸಿದೆ. ಗೋಡೆ ಉಸಿರಾಡಿತು.

ಪಿಕಪ್ ನಿಲ್ಲಿಸಿ ಒಬ್ಬ ಹಿರಿಯರು ಬಂದು ನಿಂತರು. ಆ ಚರ್ಚಿನ ಊರಿನವರೇ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಊರಿನವರೆಲ್ಲಾ ಸೇರಿ ಮಣ್ಣು, ಹುಲ್ಲು, ನೀರು ಕಲಸಿ ಗೋಡೆಗಳಿಗೆ ಹೊಸದಾಗಿ ಮೆತ್ತುತ್ತಾರೆ. ಒಂದು ಕಾಲದಲ್ಲಿ ಸಿಮೆಂಟ್ ಹಚ್ಚಿದ್ದರಂತೆ. ಒಳಗೆ ನೀರು ಸಿಕ್ಕಿಕೊಂಡು ಮಣ್ಣು ಕರಗತೊಡಗಿತು. ಅದನ್ನು ಕಿತ್ತು ಮತ್ತೆ ಮಣ್ಣಿಗೇ ಬಂದರು. "ನೀವು ಬರೆಯುತ್ತಿರುವ ಆ ಮೂಲೆ ಇದೆಯಲ್ಲ, ಈ ಸಲ ಅದನ್ನು ಮೆತ್ತಿದ್ದು ನಾವೇ, ನಾನೂ ಮೊಮ್ಮಗಳೂ" ಅಂದರು. ಅಲ್ಲಿ ಅಂಗೈಯ ಗುರುತು ಕಾಣುತ್ತಿತ್ತು. ಚಿಕ್ಕಪ್ಪ ಎದ್ದು ಹೋಗಿ ಆ ಗುರುತಿನ ಹತ್ತಿರ ತಮ್ಮ ಕೈ ಹಿಡಿದು ನೋಡಿದರು.

ಹತ್ತೂವರೆ ಹೊತ್ತಿಗೆ ಗಾಳಿ ಬಂತು. ಮುನ್ಸೂಚನೆ ಏನೂ ಇಲ್ಲ. ಈಸೆಲ್‌ಗೆ ಕಲ್ಲಿನ ಚೀಲ ಕಟ್ಟಿದ್ದೆ, ಆದರೂ ಇಡೀ ಈಸೆಲ್ ಎದ್ದು ಬಿತ್ತು. ಚಿತ್ರ ಬರೆಯುತ್ತಿದ್ದ ಹಲಗೆ, ಅಂದರೆ ಪ್ಯಾನೆಲ್, ಮುಖ ಕೆಳಗಾಗಿ ಮಣ್ಣಿನಲ್ಲಿ. ಥಿನ್ನರ್ ಚೆಲ್ಲಿತು. ಹಿರಿಯರೂ ಚಿಕ್ಕಪ್ಪನೂ ಹಾರುತ್ತಿದ್ದ ಚಿಂದಿ ಬಟ್ಟೆಗಳ ಹಿಂದೆ ಓಡಿದರು. ಎತ್ತಿ ನೋಡಿದರೆ ಹಸಿ ಬಣ್ಣದ ತುಂಬಾ ಮರಳು. ಹಿರಿಯರು ಬಗ್ಗಿ ನೋಡಿ, "ಈಗ ಸರಿಯಾಯ್ತು, ಗೋಡೆಯಲ್ಲೂ ಇದೇ ಮಣ್ಣು" ಅಂದರು. ಆ ಮರಳನ್ನು ನಾನು ತೆಗೆಯಲಿಲ್ಲ. ಅವರ ಹೆಸರು ಕೇಳಿ ಪ್ಯಾನೆಲ್ಲಿನ ಹಿಂದೆ ಬರೆದುಕೊಂಡೆ, ಜೊತೆಗೆ ಮೊಮ್ಮಗಳ ಹೆಸರನ್ನೂ. ಇಲ್ಲಿ ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಗಾಳಿಗೆ ಹೆದರಿ ಮಧ್ಯಾಹ್ನ ಒಳಗೆ ಸೇರಿಕೊಂಡದ್ದು ಚಿತ್ರಕಾರ ನಿಕೊಲಾಯ್ ಫೆಚಿನ್ ಅವರ ಮನೆಯಲ್ಲಿ. ರಷ್ಯಾದ ಕಜಾನ್‌ನವರು. ಅಪ್ಪ ಚರ್ಚುಗಳಿಗೆ ಮರದ ಕೆತ್ತನೆ ಮಾಡುತ್ತಿದ್ದವರು. ಇವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೆಸರಾಂತ ಚಿತ್ರಕಾರ ರೇಪಿನ್ ಅವರ ಕೈಕೆಳಗೆ ಕಲಿತರು. 1923ರಲ್ಲಿ ಅಮೆರಿಕಕ್ಕೆ ಬಂದರು. ಕ್ಷಯ ರೋಗಕ್ಕೆ ಒಣ ಹವೆ ಬೇಕೆಂದು 1927ರಲ್ಲಿ ಟಾವೋಸ್‌ಗೆ. ಇಲ್ಲಿ ಹಳೇ ಮಣ್ಣಿನ ಮನೆ ತೆಗೆದುಕೊಂಡು ಬಾಗಿಲು, ಕಂಬ, ಮೆಟ್ಟಿಲು, ಕಪಾಟು ಎಲ್ಲವನ್ನೂ ಕೈಯಾರೆ ಕೆತ್ತಿದರು. ಗೋಡೆ ನ್ಯೂ ಮೆಕ್ಸಿಕೋದ್ದು, ಮರದ ಕೆಲಸ ವೋಲ್ಗಾ ದಂಡೆಯದು. ಅವರ ಚಿತ್ರಗಳ ಮುಖ ಎಷ್ಟು ಶಾಂತವೋ ಸುತ್ತಲಿನ ಬಣ್ಣ ಅಷ್ಟೇ ಬಿರುಗಾಳಿ. ಬಣ್ಣದಲ್ಲಿನ ಹೆಚ್ಚಿನ ಎಣ್ಣೆಯನ್ನು ಕಾಗದಕ್ಕೆ ಹೀರಿಸಿ ಒಣ ಮಾಡಿಕೊಂಡು, ಚಾಕುವಿನಿಂದ, ಹೆಬ್ಬೆರಳಿನಿಂದ ಹಚ್ಚುತ್ತಿದ್ದರು. ಹತ್ತಿರ ಹೋದರೆ ಬರೀ ಬಣ್ಣದ ಗಡ್ಡೆ. ಎಂಟು ಹೆಜ್ಜೆ ಹಿಂದೆ ಸರಿದರೆ ಒಬ್ಬ ಮುದುಕನ ಕೆನ್ನೆ.

ರಷ್ಯಾದಿಂದ ಇಷ್ಟು ದೂರ ಬಂದದ್ದು ಅವರೊಬ್ಬರೇ ಅಲ್ಲ. ಚಿತ್ರಕಾರ ನಿಕೊಲಾಯ್ ರೋರಿಕ್ ಕೂಡ 1921ರಲ್ಲಿ ಸಾಂಟಾ ಫೆಗೆ ಬಂದಿದ್ದರು. ಅವರ ಮಗ ಸ್ವೆಟೊಸ್ಲಾವ್ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದವರು. ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳನ್ನು ತೋರಿಸಲು ಚಿಕ್ಕಪ್ಪ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಸ್ವೆಟೊಸ್ಲಾವ್ ಅವರ ಅಪ್ಪ ಇಲ್ಲಿಗೂ ಬಂದಿದ್ದರು ಅಂತ ನಾನು ಹೇಳಿದಾಗ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

ಕೊನೆಯ ದಿನ: ನದಿಯ ದಾರಿ, ಮತ್ತೆ ಅಲ್ಬುಕರ್ಕಿ

ವಾಪಸ್ ಬರುವಾಗ ಕೆಳಗಿನ ದಾರಿ. ಮೊದಲು ಟಾವೋಸ್ ಬಯಲು. ಕಣ್ಣು ಹಾಯುವಷ್ಟೂ ಬೂದು ಹಸಿರಿನ ಸೇಜ್ ಪೊದೆ, ನಡುವೆ ನೆಲ ಸೀಳಿದ ಹಾಗೆ ರಿಯೋ ಗ್ರಾಂಡೆಯ ಕಮರಿ. ಆಮೇಲೆ ರಸ್ತೆ ಇಳಿದು ನದಿಯ ಮಟ್ಟಕ್ಕೆ ಬರುತ್ತದೆ. ದಂಡೆಯ ಮೇಲೆ ಹಳದಿ ಚಮೀಸಾ ಹೂ. ವೆಲಾರ್ಡೆಯಲ್ಲಿ ರಸ್ತೆ ಬದಿ ಸೇಬು ಕೊಂಡು ತಿನ್ನುತ್ತಾ ಬಂದೆವು.

ವಿಮಾನ ಸಂಜೆಗೆ ಇತ್ತು. ಅಲ್ಬುಕರ್ಕಿ ಮ್ಯೂಸಿಯಂನಲ್ಲಿ ಬ್ಲೂಮನ್‌ಷೈನ್ 1920ರಲ್ಲಿ ಬರೆದ 'ಸ್ಟಾರ್ ರೋಡ್ ಅಂಡ್ ವೈಟ್ ಸನ್' ಇದೆ. ಊರಿನ ಹೈಸ್ಕೂಲಿನ ಸಂಗ್ರಹದಿಂದ ಬಂದದ್ದು. ಟಾವೋಸ್‌ನ ಇಬ್ಬರು ಗಂಡಸರು. ಮುಂದೆ ಯುವಕ, ಹಿಂದೆ ಹಿರಿಯ. ಬೆಂಕಿಗೂಡಿಲ್ಲ, ಮಡಕೆ ಇಲ್ಲ. ನೋಡುವವರನ್ನು ಮೆಚ್ಚಿಸುವ ಇರಾದೆ ಇಬ್ಬರಿಗೂ ಇಲ್ಲ. ಅವರ ಹೆಸರೇ ಚಿತ್ರದ ಹೆಸರು.

ಚಿಕ್ಕಪ್ಪ ಬೆಂಚಿನ ಮೇಲೆ ಕೂತು ನೋಡಿದರು. ಬಹಳ ಹೊತ್ತಾದ ಮೇಲೆ, "ಈ ಹುಡುಗ ಚಿತ್ರಕಾರನ್ನೇ ಅಳೀತಾ ಇದ್ದಾನೆ" ಅಂದರು.

"ಈಗ ಹೇಳಿ, ಕೌಸ್ ಆ, ಇದಾ?"

"ಕೌಸ್‌ದು ಮನೇಲಿ ಇಟ್ಕೋತೀನಿ. ಇದನ್ನ ಶಾಲೇಲಿ ಹಾಕ್ತೀನಿ. ಹೈಸ್ಕೂಲಿನವರು ಇಟ್ಕೊಂಡಿದ್ದು ಸರಿಯಾಗ್ಯೇ ಇದೆ."

ಇನ್ನೂ ಕೂರುತ್ತಿದ್ದರೋ ಏನೋ, ಕಾರು ವಾಪಸ್ ಕೊಡುವ ಹೊತ್ತಾಗಿತ್ತು. ಪಾರ್ಕಿಂಗ್‌ನಲ್ಲಿ ಹಸಿ ಪ್ಯಾನೆಲ್ಲುಗಳನ್ನು ಮುಖಕ್ಕೆ ಮುಖ ಮಾಡಿ, ನಾಲ್ಕು ಮೂಲೆಗೆ ಬಾಟಲಿಯ ಕಾರ್ಕಿನ ತುಂಡು ಇಟ್ಟು ಟೇಪು ಸುತ್ತಿದೆ. ಹೀಗೆ ಕಟ್ಟಿದರೆ ಬಣ್ಣಕ್ಕೆ ಏನೂ ತಾಗುವುದಿಲ್ಲ. ಉಳಿದ ಥಿನ್ನರನ್ನು ಟಾವೋಸ್‌ನಲ್ಲೇ ಚಿತ್ರ ಬರೆಯುವ ಒಬ್ಬರಿಗೆ ಕೊಟ್ಟು ಬಂದಿದ್ದೆ. ಮರಳು ಅಂಟಿದ ಪ್ಯಾನೆಲ್ ಒಣಗಲು ಇನ್ನೂ ವಾರಗಳು ಬೇಕು. ಒಣಗಿದ ಮೇಲೆ ಅದರ ಫೋಟೋವನ್ನು ಆ ಹಿರಿಯರಿಗೆ ಕಳಿಸಬೇಕು, ವಿಳಾಸ ಕೊಟ್ಟಿದ್ದಾರೆ. ಚಿಕ್ಕಪ್ಪ ಆಗಲೇ ಬರುವ ಜೂನ್ ತಿಂಗಳ ಮಣ್ಣು ಮೆತ್ತುವ ಕೆಲಸಕ್ಕೆ ಹೊರಗಿನವರನ್ನು ಸೇರಿಸಿಕೊಳ್ಳುತ್ತಾರಾ ಅಂತ ಅವರನ್ನು ಕೇಳಲು ಹೇಳಿದ್ದಾರೆ.